ಎರಡು ಓಮ್ ಎಂದುಕೊಂಡದ್ದು ಒಂದು ಓಮ್ ಆಗಿತ್ತು

ಸುರತ್ಕಲ್‌ನ ಮನೆಯಿಂದ ಉಡುಪಿಗೆ ಹೊರಟರೆ, ಪಡುಬಿದ್ರಿ ದಾಟುವಷ್ಟರಲ್ಲಿ ನನ್ನ ಕಾರಿನ ಸಬ್‌ವೂಫರ್, ಅಂದರೆ ತಗ್ಗಿನ ಸ್ವರ ನುಡಿಸುವ ದೊಡ್ಡ ಸ್ಪೀಕರ್, ನಿಂತುಬಿಡುತ್ತಿತ್ತು. ಬಾಗಿಲ ಸ್ಪೀಕರ್‌ಗಳಲ್ಲಿ ಹಾಡು ಮುಂದುವರಿಯುತ್ತಿದ್ದರೂ ಡೋಲಿನ ಪೆಟ್ಟಿಗೆ ಇರಬೇಕಾದ ತೂಕ ಇರುತ್ತಿರಲಿಲ್ಲ. ಗಾಡಿ ಬದಿಗೆ ಹಾಕಿ ಡಿಕ್ಕಿ ತೆರೆದರೆ ಸ್ಪೀಕರಿಗೆ ಶಕ್ತಿ ಕೊಡುವ ಆಂಪ್ಲಿಫೈಯರ್‌ನ (ಆಂಪ್‌ನ) ಪ್ರೊಟೆಕ್ಟ್ ದೀಪ, ಅಂದರೆ ಆಂಪ್ ತನ್ನ ರಕ್ಷಣೆಗೆ ತಾನೇ ನಿಂತಿದೆ ಎಂದು ತಿಳಿಸುವ ದೀಪ, ಕೆಂಪಗೆ ಉರಿಯುತ್ತಿತ್ತು. ಅದರ ಮೈ ಕೈಯಿಡಲಾಗದಷ್ಟು ಕಾದಿರುತ್ತಿತ್ತು. ಸ್ವಲ್ಪ ಹೊತ್ತು ತಣಿಯಲು ಬಿಟ್ಟರೆ ಮತ್ತೆ ಸರಿಯಾಗುತ್ತಿತ್ತು. ಅದನ್ನು ಜೋಡಿಸಿಕೊಟ್ಟ ಅಂಗಡಿಯವರು ಆಂಪ್ ಕೆಟ್ಟಿದೆ, ಹೊಸದು ಹಾಕಿಸಿ ಎಂದರು. ಕೆಟ್ಟ ಆಂಪ್ ತಣಿದ ಕೂಡಲೇ ಹೇಗೆ ಸರಿಯಾಗುತ್ತದೆ ಎಂಬ ಪ್ರಶ್ನೆಗೆ ಉತ್ತರ ಸಿಗದ ಕಾರಣ ನಾನು ಹಣ ಕೊಡಲು ಒಪ್ಪಲಿಲ್ಲ.

ಓಮ್ ಎಂದರೆ ಕರೆಂಟಿಗೆ ಸ್ಪೀಕರ್ ಒಡ್ಡುವ ತಡೆಯ ಅಳತೆ. ಆಂಪ್‌ನ ಕೈಪಿಡಿಯಲ್ಲಿ 4 ಓಮ್‌ಗೆ 300 ವ್ಯಾಟ್, 2 ಓಮ್‌ಗೆ 500 ವ್ಯಾಟ್ ಎಂದೂ, 2 ಓಮ್‌ಗಿಂತ ಕಡಿಮೆ ಕೂಡದು ಎಂದೂ ಇತ್ತು. ಸಬ್‌ವೂಫರ್‌ನ ಪೆಟ್ಟಿಗೆಯ ಮೇಲೆ 2 ಓಮ್ ಎಂದೇ ಬರೆದಿದ್ದುದರಿಂದ ಎರಡೂ ಹೊಂದುತ್ತವೆ ಎಂದು ನಾನು ನಂಬಿದ್ದೆ. ಆದರೆ ಆ 2 ಓಮ್ ಇಡೀ ಸ್ಪೀಕರಿನದಲ್ಲ, ಅದರೊಳಗಿನ ಒಂದೊಂದು ಕಾಯಿಲಿನದು, ಅಂದರೆ ಸದ್ದು ಹೊರಡಿಸುವ ಕೋನನ್ನು ಅಲುಗಿಸುವ ತಂತಿ ಸುರುಳಿಯದು. ಹಿಂಬದಿಯಲ್ಲಿ ಎರಡು ಜೊತೆ ಟರ್ಮಿನಲ್‌ಗಳಿದ್ದರೆ ಒಳಗೆ ಎರಡು ವಾಯ್ಸ್ ಕಾಯಿಲ್‌ಗಳಿವೆ ಎಂದರ್ಥ, ಮತ್ತು ಅವುಗಳನ್ನು ಹೇಗೆ ಕಟ್ಟಿದ್ದಾರೆ ಎಂಬುದರ ಮೇಲೆ ಆಂಪ್‌ಗೆ ಕಾಣುವ ಓಮ್ ನಿರ್ಧಾರವಾಗುತ್ತದೆ.

ನೆರೆಮನೆಯಲ್ಲಿ ಬಹಳ ವರ್ಷ ವೈರಿಂಗ್ ಕೆಲಸ ಮಾಡಿದ ಅಣ್ಣನೊಬ್ಬರಿದ್ದಾರೆ. ಬ್ಯಾಟರಿ ಪಕ್ಕದ ಫ್ಯೂಸ್ ತೆಗೆದಿಟ್ಟು, ಆಂಪ್‌ನಿಂದ ಸ್ಪೀಕರ್ ವಯರ್ ಬಿಚ್ಚಿ, ಮಲ್ಟಿಮೀಟರ್ ಹಿಡಿದು ಅವರನ್ನು ಕರೆದೆ. "ಮೊದಲು ಮೀಟರಿನ ಎರಡು ಕಡ್ಡಿಯನ್ನೂ ಒಂದಕ್ಕೊಂದು ತಾಗಿಸಿ ನೋಡು ಮಾರಾಯ, ಕಾಯಿಲ್ ಮತ್ತೆ ಅಳೆಯುವ" ಎಂದರು. ಕಡ್ಡಿಗಳನ್ನು ತಾಗಿಸಿದಾಗ ಮೀಟರ್ ಸೊನ್ನೆ ತೋರಿಸಲಿಲ್ಲ; 0.3 ತೋರಿಸಿತು. ಅದು ಮೀಟರಿನ ವಯರುಗಳದೇ ಪ್ರತಿರೋಧ. ಸಾವಿರ ಓಮ್ ಅಳೆಯುವವರಿಗೆ ಅದು ಲೆಕ್ಕಕ್ಕಿಲ್ಲ, ಆದರೆ ಒಂದು ಓಮ್ ಅಳೆಯುವವನು ಅದನ್ನು ಕಳೆಯದಿದ್ದರೆ ಇಡೀ ಅಳತೆಯೇ ದಾರಿ ತಪ್ಪಿಸುತ್ತದೆ. ಸ್ಪೀಕರ್ ವಯರಿನ ತುದಿಯಲ್ಲಿ 1.2 ಬಂತು, ಅಂದರೆ ನಿಜವಾಗಿ 0.9. ಎರಡು ಕಾಯಿಲ್‌ಗಳನ್ನೂ ಪ್ಯಾರಲಲ್ ಆಗಿ, ಪ್ಲಸ್‌ಗೆ ಪ್ಲಸ್, ಮೈನಸ್‌ಗೆ ಮೈನಸ್ ಸೇರಿಸಿ ಕಟ್ಟಿದ್ದರು. ಹಾಗೆ ಕಟ್ಟಿದಾಗ 2 ಓಮ್‌ನ ಎರಡು ಕಾಯಿಲ್ ಸೇರಿ 1 ಓಮ್ ಆಗುತ್ತದೆ. ಮೀಟರ್ ಅದಕ್ಕಿಂತಲೂ ಕೊಂಚ ಕಡಿಮೆ ತೋರಿಸುವುದು ಸಹಜ, ಏಕೆಂದರೆ ಅದು ಅಳೆಯುವುದು ತಂತಿಯ ಡಿ.ಸಿ. ಪ್ರತಿರೋಧವನ್ನು, ಹಾಡು ನುಡಿಯುವಾಗಿನ ಇಂಪೀಡೆನ್ಸ್ (ಆಗಿನ ಒಟ್ಟು ತಡೆ) ಸ್ವರದಿಂದ ಸ್ವರಕ್ಕೆ ಬದಲಾಗುತ್ತದೆ, ಪೆಟ್ಟಿಗೆಯ ಮೇಲಿನ ಅಂಕಿ ಅದಕ್ಕೊಂದು ಅಂದಾಜು ಮಾತ್ರ.

ಓಮ್ ಅರ್ಧಕ್ಕಿಳಿದರೆ ಅದೇ ವೋಲ್ಟೇಜಿಗೆ ಎರಡು ಪಟ್ಟು ಕರೆಂಟು ಹರಿಯುತ್ತದೆ. ಆಂಪ್ ಕೆಟ್ಟಿರಲಿಲ್ಲ, ತಾಳಲಾರದ ಹೊರೆಯಿಂದ ತನ್ನನ್ನು ಉಳಿಸಿಕೊಳ್ಳುತ್ತಿತ್ತು.

2 ಓಮ್‌ನ ಎರಡು ಕಾಯಿಲಿರುವ ಒಂದೇ ಸ್ಪೀಕರಿನಿಂದ, ಎರಡನ್ನೂ ಬಳಸುವುದಾದರೆ, 1 ಓಮ್ ಅಥವಾ 4 ಓಮ್ ಬರುತ್ತದೆಯೇ ಹೊರತು 2 ಬರುವುದಿಲ್ಲ. ಇಂಥದೇ ಇನ್ನೊಂದು ಸ್ಪೀಕರ್ ತಂದು, ಪ್ರತಿಯೊಂದನ್ನೂ 4 ಓಮ್ ಮಾಡಿ, ಅವೆರಡನ್ನು ಪ್ಯಾರಲಲ್ ಕಟ್ಟಿದರೆ ಸರಿಯಾಗಿ 2 ಓಮ್ ಸಿಗುತ್ತದೆ. ಅದು ನನಗೆ ಬೇಕಿರಲಿಲ್ಲ. ಒಂದು ಕಾಯಿಲಿನ ಮೈನಸ್ಸನ್ನು ಇನ್ನೊಂದರ ಪ್ಲಸ್ಸಿಗೆ ತುಂಡು ವಯರಿನಿಂದ ಸೇರಿಸಿ, ಉಳಿದ ಎರಡು ತುದಿಗಳನ್ನು ಆಂಪ್‌ಗೆ ಕೊಟ್ಟು ಸೀರೀಸ್ ಮಾಡಿದೆ. ಮೀಟರಿನಲ್ಲಿ 3.7 ಬಂತು, ಕಡ್ಡಿಯದು ಕಳೆದರೆ 3.4. ಇಲ್ಲಿ ಒಂದು ಕಾಯಿಲ್ ತಿರುವುಮುರುವಾದರೆ ಎರಡೂ ಒಂದರ ವಿರುದ್ಧ ಒಂದು ಎಳೆದು ಕೋನ್ ಅಲುಗುವುದೇ ಇಲ್ಲ. ಆದ್ದರಿಂದ ಪೆನ್ಸಿಲ್ ಸೆಲ್ ತಾಗಿಸಿ, ಕೋನ್ ಹೊರಕ್ಕೆ ಜಿಗಿಯುವುದನ್ನು ಕಣ್ಣಾರೆ ನೋಡಿಕೊಂಡೆ. 500 ವ್ಯಾಟ್ ಬಿಟ್ಟು 300ಕ್ಕೆ ಇಳಿದೆನಲ್ಲ ಎಂಬ ಬೇಸರವಿತ್ತು, ಆದರೆ ಲೆಕ್ಕ ಹಾಕಿದರೆ ಆ ವ್ಯತ್ಯಾಸ 2 ಡೆಸಿಬೆಲ್‌ಗಿಂತ ತುಸು ಹೆಚ್ಚು, ಅಷ್ಟೇ. ವ್ಯಾಟ್ ಎರಡು ಪಟ್ಟಾದರೂ ಸದ್ದು ಏರುವುದು 3 ಡೆಸಿಬೆಲ್ ಮಾತ್ರ.

ಆಂಪ್ ಕಾಯುವುದು ನಿಂತಿತು. ಆದರೂ ಇಂಜಿನ್ ಬಂದ್ ಮಾಡಿ ಕೇಳುವಾಗ ಜೋರಾದ ಪೆಟ್ಟಿಗೆ ಆಂಪ್ ಒಮ್ಮೊಮ್ಮೆ ಆರಿ ಹತ್ತುತ್ತಿತ್ತು. ಈ ಸಲ ಮೊದಲು ಸಂಶಯ ಬಂದದ್ದು ಆಂಪ್‌ನ ಮೈನಸ್ಸನ್ನು ಕಾರಿನ ತಗಡಿಗೆ ಸೇರಿಸುವ ಅರ್ತ್ ವಯರಿನ ಮೇಲೆ. ನಮ್ಮಲ್ಲಿ ಕಡಲ ಗಾಳಿಗೆ ಗೇಟಿನ ಕೊಂಡಿಯೇ ಎರಡು ಮಳೆಗಾಲ ತಡೆಯುವುದಿಲ್ಲ. ಓಮ್‌ನಲ್ಲಿ ಅಳೆದರೆ ಏನೂ ದೋಷ ಕಾಣಲಿಲ್ಲ, ಕಾಣುವುದೂ ಸಾಧ್ಯವಿರಲಿಲ್ಲ: 0.06 ಓಮ್‌ನಂಥ ಸಣ್ಣ ತಡೆಯನ್ನು ಈ ಮೀಟರ್ ತೋರಿಸಲಾರದು, ಆದರೆ 30 ಆಂಪಿಯರ್ ಹರಿದಾಗ ಅಷ್ಟೇ ತಡೆ 1.8 ವೋಲ್ಟ್ ನುಂಗಿಬಿಡುತ್ತದೆ. ಹಾಗಾಗಿ ಮೀಟರನ್ನು ಡಿ.ಸಿ. ವೋಲ್ಟಿಗೆ ತಿರುಗಿಸಿ, ಒಂದು ಕಡ್ಡಿಯನ್ನು ಆಂಪ್‌ನ ಅರ್ತ್ ಟರ್ಮಿನಲ್‌ಗೂ ಇನ್ನೊಂದನ್ನು ಉದ್ದ ವಯರಿನ ಮೂಲಕ ಬ್ಯಾಟರಿಯ ಮೈನಸ್‌ಗೂ ಕೊಟ್ಟು, 50 ಹರ್ಟ್ಸ್ ಸ್ವರ ನುಡಿಸಿದೆ. 1.8ರ ಆಸುಪಾಸಿನಲ್ಲೇ ನಿಂತಿತು. ಬೋಲ್ಟ್ ಮುಟ್ಟಿದರೆ ಬಿಸಿಯಾಗಿತ್ತು. ಬಿಚ್ಚಿ ನೋಡಿದಾಗ ವಯರಿನ ಉಂಗುರವನ್ನು ಬಣ್ಣದ ಮೇಲೆಯೇ ಬಿಗಿದದ್ದು ಕಂಡಿತು. ಬೋಲ್ಟಿನ ಸುತ್ತ ಕಂದು ತುಕ್ಕಿನ ಪುಡಿ, ತಾಮ್ರದ ಎಳೆಗಳ ಮೇಲೆ ಹಸಿರು ಕಿಲುಬು.

ವಯರಿನ ತುದಿ ಕತ್ತರಿಸಿ ಹೊಸ ಉಂಗುರ ಒತ್ತಿ, ಬಣ್ಣವನ್ನು ಬಿಳಿ ತಗಡು ಹೊಳೆಯುವವರೆಗೆ ಸ್ಯಾಂಡ್ ಪೇಪರಿನಿಂದ ಉಜ್ಜಿ, ಬಿಗಿದ ಮೇಲೆ ಹೊರಗಿನಿಂದ ಗ್ರೀಸ್ ಸವರಿದೆ. ಅದೇ ಸ್ವರಕ್ಕೆ ಈಗ ಮೀಟರ್ 0.1 ತೋರಿಸುತ್ತದೆ. ಆ ಅಂಕಿಯನ್ನೂ 3.4 ಓಮ್ ಎಂಬುದನ್ನೂ ತಾರೀಖಿನ ಜೊತೆ ಒಂದು ಚೀಟಿಯಲ್ಲಿ ಬರೆದು ಆಂಪ್‌ನ ಪಕ್ಕ ಅಂಟಿಸಿದ್ದೇನೆ. ಈ ಮಳೆಗಾಲ ಕಳೆದ ಮೇಲೆ ಅಲ್ಲಿಯೇ ಮತ್ತೆ ಅಳೆಯುತ್ತೇನೆ.