ಸಂಜೆ ಏಳಕ್ಕೆ ತೆವಳುವ ವೈಫೈ

ಸಿಕ್ಕಿತು! ನನ್ನ ಲ್ಯಾಪ್‌ಟಾಪ್‌ನ ವೈಫೈ ಸಂಜೆ ಏಳಾದರೆ ಯಾಕೆ ತೆವಳುತ್ತೆ ಅಂತ ಹದಿನೆಂಟು ದಿನ ಹುಡುಕಿದ ಕಾರಣ ನಿನ್ನೆ ಸಂಜೆ ಊಟದ ಮೇಜಿನ ಮೇಲೆ ಸಿಕ್ಕಿತು.

ಚಾನೆಲ್ ಬದಲಾಯಿಸಿದ್ದು, ಡ್ರೈವರ್ ಹೊಸದು ಹಾಕಿದ್ದು, ಪವರ್ ಸೇವ್ ಆಫ್ ಮಾಡಿದ್ದು, ಕವರ್ ಬಿಚ್ಚಿ ಆಂಟೆನಾ ವೈರ್ ಒತ್ತಿ ಕೂರಿಸಿದ್ದು, ಇದೆಲ್ಲ ಮಾಡಿ ಆಯಿತು. ಯಾವುದಕ್ಕೂ ಬಗ್ಗಲಿಲ್ಲ. ಬೆಳಿಗ್ಗೆ ಐಪರ್ಫ್‌ನಲ್ಲಿ (ನೆಟ್‌ವರ್ಕ್ ವೇಗ ಅಳೆಯೋ ಸಾಧನ) 38 ಎಂಬಿಪಿಎಸ್, ಸಂಜೆ ಏಳಾದರೆ 3. ನನ್ನದು ಹಳೇ ಸಿಂಗಲ್ ಸ್ಟ್ರೀಮ್ (ಒಂದೇ ಧಾರೆಯ) ವೈಫೈ ಕಾರ್ಡ್, 2.4 ಗಿಗಾಹರ್ಟ್ಸ್ ಪಟ್ಟಿ ಮಾತ್ರ. ಹೆಸರಿಗೆ 72 ಎಂಬಿಪಿಎಸ್ ಇರೋ ಲಿಂಕ್‌ನಲ್ಲಿ ನಿಜಕ್ಕೂ 38 ಬಂದರೆ ಸಾಕು. ಆದರೆ 3?

ಸಂಜೆ ಮಾತ್ರ ಅಂದಮೇಲೆ ಅಕ್ಕಪಕ್ಕದವರ ವೈಫೈ ಮೇಲೆಯೇ ಅನುಮಾನ. ನಾವಿರೋದು ಮೈಸೂರಿನ ಅಗ್ರಹಾರದಲ್ಲಿ, ಮನೆಗೆ ಮನೆ ಅಂಟಿಕೊಂಡಿದೆ. 2.4ರಲ್ಲಿ ಒಂದಕ್ಕೊಂದು ತಾಗದ 1, 6, 11 ಮೂರೂ ಚಾನೆಲ್ ತುಂಬಿ ತುಳುಕುತ್ತಿವೆ. ಅಣ್ಣ ಮಾತ್ರ ‘ಹಳೇ ಮನೆ ಕಣೋ, ಗೋಡೆ ದಪ್ಪ’ ಅಂತಲೇ ಇದ್ದ. ಫೋನನ್ನೂ 2.4ಕ್ಕೇ ಕಟ್ಟಿಹಾಕಿ, ಅದೇ ಮೇಜಿನ ಮೇಲೆ, ಅದೇ ಹೊತ್ತಿಗೆ ನೋಡಿದೆ. 35! ಹಾಗಾದರೆ ಗೋಡೆಯೂ ಅಲ್ಲ, ಪಕ್ಕದವರೂ ಅಲ್ಲ.

ಸರಿ, ಕಾರ್ಡೇ ಬದಲಿಸೋಣ ಅಂತ ಇಂಟೆಲ್‌ನ ಎಎಕ್ಸ್200 ವೈಫೈ ಕಾರ್ಡ್ ತರಿಸಿದೆ. ಬಂದದ್ದು ಎಎಕ್ಸ್201. ನೋಡೋಕೆ ಎರಡೂ ಒಂದೇ, ಸ್ಲಾಟ್‌ನಲ್ಲೂ ಕೂರುತ್ತೆ. ಆದರೆ 201 ಸಿಎನ್‌ವಿಐ ಕಾರ್ಡ್, ಅದರ ಅರ್ಧ ಕೆಲಸವನ್ನು ಇಂಟೆಲ್‌ನ ಹೊಸ ಚಿಪ್‌ಸೆಟ್ಟೇ ಮಾಡಬೇಕು. ನನ್ನ ಹಳೇ ಮೆಷಿನ್‌ಗೆ ಅಲ್ಲೊಂದು ಕಾರ್ಡ್ ಇದೆ ಅಂತಾನೇ ಗೊತ್ತಾಗಲಿಲ್ಲ. ಮಾರಿದವರಿಗೆ ಫೋನ್ ಮಾಡಿದರೆ ‘201 ಇನ್ನೂ ಹೊಸದು ಸಾರ್, ಅದೇ ಒಳ್ಳೇದು’ ಅಂದರು. ಮಾರೋರಿಗೆ ಇಷ್ಟಾದರೂ ಗೊತ್ತಿರಬೇಕು ಅಲ್ವಾ? ವಾಪಸ್ ಕಳಿಸಿ ಒಂಬತ್ತು ದಿನ ಆಯಿತು, ದುಡ್ಡು ಇನ್ನೂ ಬಂದಿಲ್ಲ.

ನಿನ್ನೆ ಸಂಜೆ ರೂಟರ್‌ಗೆ ಪಿಂಗ್ (ಸಂದೇಶ ಹೋಗಿ ಬರೋಕೆ ಎಷ್ಟು ಹೊತ್ತು ಅನ್ನೋ ಪರೀಕ್ಷೆ) ಹಾಕಿಕೊಂಡು ಕೂತಿದ್ದೆ. 400, 620, 380 ಮಿಲಿಸೆಕೆಂಡ್. ಅಮ್ಮ ಮೊರದ ತುಂಬ ಅವರೆಕಾಯಿ ತಂದು, ‘ಬಿಡಿಸೋಕೆ ಜಾಗ ಬೇಕು, ಆ ಡಬ್ಬಿ ತೆಗಿಯೋ’ ಅಂದರು. ಡಬ್ಬಿ ಅಂದರೆ ಲ್ಯಾಪ್‌ಟಾಪ್‌ಗೆ ಚುಚ್ಚಿದ್ದ ಹಾರ್ಡ್ ಡಿಸ್ಕ್. ತಾತ ಹಾಡಿದ ಕ್ಯಾಸೆಟ್‌ಗಳನ್ನು ಡಿಜಿಟಲ್ ಮಾಡಿ ಅದರಲ್ಲಿ ಇಟ್ಟಿದ್ದೇನೆ, ಸಂಜೆ ಸಂಜೆ ಅಕ್ಕನಿಗೆ ಕಳಿಸ್ತೀನಿ. ಇಜೆಕ್ಟ್ ಮಾಡಿ ಕೇಬಲ್ ಕಿತ್ತೆ. ಪಿಂಗ್ 4ಕ್ಕೆ ಇಳಿಯಿತು. 4, 3, 4. ಮತ್ತೆ ಚುಚ್ಚಿದೆ, 510. ಕಿತ್ತೆ, 3. ಅಮ್ಮ ಕಾಳು ಬಿಡಿಸೋದು ನಿಲ್ಲಿಸಿ ನನ್ನನ್ನೇ ನೋಡುತ್ತಿದ್ದರು.

ಯುಎಸ್‌ಬಿ 3! ಐದು ಗಿಗಾಬಿಟ್ ವೇಗದಲ್ಲಿ ಓಡುವ ಸಿಗ್ನಲ್ ಕೇಬಲ್ಲಿನಿಂದ, ಕನೆಕ್ಟರಿನಿಂದ ಸೋರಿ, ತೀರಾ ಹತ್ತಿರ ಇರೋ ಆಂಟೆನಾಗೆ 2.4ರ ಪಟ್ಟಿಯ ತುಂಬ ಗದ್ದಲ ಎಬ್ಬಿಸುತ್ತೆ. ಇಂಟೆಲ್‌ನವರು 2012ರಲ್ಲೇ ಇದನ್ನು ಅಳೆದು ಬರೆದಿದ್ದಾರೆ. ಹಾರ್ಡ್ ಡಿಸ್ಕ್ ಹಾಕಿದರೆ ಗದ್ದಲದ ಮಟ್ಟ ಸುಮಾರು 20 ಡೆಸಿಬಲ್ ಏರುತ್ತೆ ಅಂತ. ಅಂದರೆ ನೂರು ಪಟ್ಟು. ಸಂಜೆ ಹೊತ್ತು ಬ್ಲೂಟೂತ್ ಮೌಸ್ ಯಾಕೆ ತಡವರಿಸುತ್ತಿತ್ತು ಅಂತ ಈಗ ಅರ್ಥವಾಯಿತು. ಅದೂ 2.4ರದ್ದೇ.

ಡಿಸ್ಕನ್ನು ಬಲಗಡೆಯ ಯುಎಸ್‌ಬಿ 2 ಪೋರ್ಟ್‌ಗೆ ಹಾಕಿದರೆ ವೈಫೈ 37. ಕಾಪಿ ಮಾಡೋ ವೇಗ ಮಾತ್ರ ಸೆಕೆಂಡಿಗೆ 32 ಎಂಬಿಗೆ ಇಳಿಯಿತು. ಇವತ್ತು ಶಿವರಾಂಪೇಟೆಗೆ ಹೋಗಿ ಗಟ್ಟಿ ಶೀಲ್ಡ್ ಇರುವ ಒಂದು ಮೀಟರ್ ಕೇಬಲ್ ತಂದೆ. ಮೂರು ಅಂಗಡಿ ಸುತ್ತಬೇಕಾಯಿತು. ಯುಎಸ್‌ಬಿ 3 ಪೋರ್ಟ್‌ನಲ್ಲೇ, ಡಿಸ್ಕನ್ನು ಕೇಬಲ್ ಎಳೆಯೋವಷ್ಟು ದೂರ ಇಟ್ಟರೆ ವೈಫೈ 31. ನನಗೆ ಇದೇ ಇಷ್ಟ.

ಅಂದಹಾಗೆ, ಮನೆಯಲ್ಲಿ 9 ಸೆಂಟಿಮೀಟರ್ ಅಗಲದ ಕಾಫಿಪುಡಿ ಡಬ್ಬ ಖಾಲಿಯಾಗಿದೆ. 2.4ಕ್ಕೆ ಹೇಳಿ ಮಾಡಿಸಿದ ಅಳತೆ! 31 ಮಿಲಿಮೀಟರ್ ತಾಮ್ರದ ತಂತಿ, ಒಂದು ಎನ್ ಕನೆಕ್ಟರ್ (ಆಂಟೆನಾ ಕೇಬಲ್ ಸಿಕ್ಕಿಸೋ ಲೋಹದ ತುಂಡು) ಸಿಕ್ಕರೆ, ಸಿಗ್ನಲನ್ನು ಒಂದೇ ದಿಕ್ಕಿಗೆ ಕಳಿಸೋ ಡಬ್ಬದ ಆಂಟೆನಾ ಮಾಡಿ ತಾರಸಿ ರೂಮಿಗೆ ವೈಫೈ ಮುಟ್ಟಿಸ್ತೀನಿ. ಕನೆಕ್ಟರ್ ಎಲ್ಲೂ ಸಿಗ್ತಿಲ್ಲ. ನಿಮ್ಮ ಹತ್ತಿರ ಒಂದು ಜಾಸ್ತಿ ಇದ್ದರೆ ಹೇಳಿ.

ಈಗ ಸಂಜೆ ಏಳೂ ಇಪ್ಪತ್ತು. ತಾತನ ಆರನೇ ಕ್ಯಾಸೆಟ್ಟು ಅಕ್ಕನಿಗೆ ಹೋಗ್ತಾ ಇದೆ, ಪಿಂಗ್ 4.