ಅನ್ನಪೂರ್ಣ ಹತ್ತಿ, ಚಿತ್ವನದಲ್ಲಿ ಕರಡಿ ಸದ್ದು ಕೇಳಿ ಬಂದ ಕಥೆ

ನೇಪಾಳದಲ್ಲಿ ಅನ್ನಪೂರ್ಣ ಶಿಖರದ ಬುಡದ ಬೇಸ್ ಕ್ಯಾಂಪ್‌ವರೆಗೆ ಹತ್ತಿ, ಆಮೇಲೆ ಕೆಳಗೆ ಚಿತ್ವನದ ಕಾಡು ಸುತ್ತಿ ವಾಪಸ್ ಬಂದು ಮೂರು ವಾರ ಆಯ್ತು. ಗಂಗಾವತಿಯಲ್ಲಿ ಸಿಕ್ಕವರೆಲ್ಲ ಕೇಳುವುದು ಎರಡೇ ಪ್ರಶ್ನೆ. ಎಷ್ಟು ಖರ್ಚಾಯ್ತು? ಹುಲಿ ನೋಡಿದ್ಯಾ? ಖರ್ಚಿನ ವಿಷಯ ಫೋನ್ ಮಾಡಿದರೆ ಹೇಳ್ತೀನಿ, ಇದನ್ನ ಮನೆಯವರೂ ಓದ್ತಾರೆ. ಹುಲಿ ನೋಡಲಿಲ್ಲ. ಆದರೆ ಇನ್ನೊಂದು ಪ್ರಾಣಿ ವಿಷಯ ಇದೆ, ಅದಕ್ಕೇ ಇಷ್ಟು ಬರೀತಿದ್ದೀನಿ.

ಮೊದಲು ತಯಾರಿ. ಬೆಟ್ಟ ಹತ್ತುವ ಅಭ್ಯಾಸಕ್ಕೆ ನಮಗಿದ್ದದ್ದು ಅಂಜನಾದ್ರಿ. 575 ಮೆಟ್ಟಿಲು. ಜನವರಿ ಪೂರ್ತಿ ನಾನು, ನನ್ನ ಗೆಳೆಯ ಬೆಳಗ್ಗೆ ಐದಕ್ಕೇ ಬೈಕ್ ತಗೊಂಡು ಹೋಗಿ, ಬೆನ್ನಿನ ಚೀಲಕ್ಕೆ ತಲಾ ಎಂಟು ಕೆಜಿ ಸೋನಾಮಸೂರಿ ತುಂಬಿಕೊಂಡು ಹತ್ತಿ ಇಳಿಯುತ್ತಿದ್ದೆವು. ಅಕ್ಕಿ ಯಾಕಂದ್ರೆ ನಮ್ಮ ಊರಲ್ಲಿ ಪುಕ್ಕಟೆ ಅನ್ನುವಷ್ಟು ಸುಲಭಕ್ಕೆ ಸಿಗುವ ತೂಕ ಅದೇ. ಒಂದು ದಿನ ಮೆಟ್ಟಿಲ ಮೇಲೆ ಸುಧಾರಿಸಿಕೊಳ್ಳುತ್ತಾ ಕೂತಿದ್ದ ಅಜ್ಜಿ ಒಬ್ಬರು ಕೇಳಿದರು, "ಏನ್ ಹರಕಿ ಹೊತ್ತೀಯಪ್ಪಾ, ಅಕ್ಕಿ ಹೊತ್ತು ಹತ್ತಾಕತ್ತೀಯಲ್ಲ?" ನೇಪಾಳ, ಟ್ರೆಕ್ಕಿಂಗ್ ಅಂತೆಲ್ಲ ವಿವರಿಸುವ ಬದಲು ಹೌದಜ್ಜಿ, ಹರಕೆ ಅಂದೆ. ಕೈ ಮುಗಿದರು. ಆ ವಾರವೇ ಕೋತಿಗಳು ಗೆಳೆಯನ ಚೀಲ ಹರಿದವು. ಅಲ್ಲಿಗೆ ಅಕ್ಕಿ ಬಿಟ್ಟು ನೀರಿನ ಬಾಟಲಿಗೆ ಬದಲಾಯಿಸಿದೆವು.

ಹೋಗುವ ದಾರಿ ಸುಲಭ, ಬೇಸರ ಬರುವಷ್ಟು ಉದ್ದ ಅಷ್ಟೆ. ಬೆಂಗಳೂರು ಕಡೆಯಿಂದ ರೈಲಿನಲ್ಲಿ ಗೋರಖಪುರ, ಅಲ್ಲಿಂದ ಸೊನೌಲಿ ಗಡಿ, ಗಡಿ ದಾಟಿ ಪೋಖರಾಕ್ಕೆ ಬಸ್ಸು. ನಮಗೆ ವೀಸಾ ಬೇಡ. ಪಾಸ್‌ಪೋರ್ಟ್ ಇಲ್ಲಾ ವೋಟರ್ ಕಾರ್ಡ್ ಇಟ್ಟುಕೊಳ್ಳಿ, ಆಧಾರ್ ಒಂದನ್ನೇ ನಂಬಿಕೊಂಡು ಹೋಗಬೇಡಿ. ನಮ್ಮ ನೂರು ರೂಪಾಯಿಗೆ ಅವರ 160. ಗಡಿಯಾರ ಹದಿನೈದು ನಿಮಿಷ ಮುಂದೆ. ಈ ಹದಿನೈದು ನಿಮಿಷದಿಂದ ನಾವು ಒಂದು ಬಸ್ಸು ತಪ್ಪಿಸಿಕೊಂಡೆವು ಅಂದ್ರೆ ನಂಬ್ತೀರಾ?

ಮಾರ್ಚ್ ತಿಂಗಳು ಆರಿಸಿಕೊಂಡಿದ್ದಕ್ಕೆ ಕಾರಣ ಇತ್ತು. ಅಕ್ಟೋಬರ್, ನವೆಂಬರ್‌ನಲ್ಲಿ ಆಕಾಶ ಜಾಸ್ತಿ ತಿಳಿಯಾಗಿರುತ್ತೆ ನಿಜ, ಆದರೆ ಆಗ ಕೆಳಗಿನ ಕಾಡಿನಲ್ಲಿ ಆನೆಹುಲ್ಲು ಆಳೆತ್ತರಕ್ಕೂ ಮೀರಿ ನಿಂತಿರುತ್ತೆ, ಒಳಗೆ ಏನಿದ್ದರೂ ಕಾಣಲ್ಲ. ಮಾರ್ಚ್ ಹೊತ್ತಿಗೆ ಹುಲ್ಲು ಕೊಯ್ದು, ಸುಟ್ಟು ಆಗಿರುತ್ತೆ. ಮೇಲೆ ಬೆಟ್ಟದಲ್ಲಿ ಲಾಲಿಗುರಾಸ್ ಹೂ ಬಿಟ್ಟಿರುತ್ತೆ. ಅದು ನೇಪಾಳದ ರಾಷ್ಟ್ರ ಹೂವು. ಗಿಡ ಅಂದುಕೊಂಡಿದ್ದೆ, ಹೋಗಿ ನೋಡಿದರೆ ಹುಣಸೆ ಮರದಷ್ಟು ಎತ್ತರ, ಮರ ಪೂರ್ತಿ ಕೆಂಪು.

ಪೋಖರಾದಿಂದ ಜೀಪು. ಝೀನು ಹತ್ತಿರ 287 ಮೀಟರ್ ಉದ್ದದ ತೂಗುಸೇತುವೆ. ಅದನ್ನು ದಾಟಿದ ಮೇಲೆ ಕಲ್ಲಿನ ಮೆಟ್ಟಿಲು, ಮೆಟ್ಟಿಲು, ಮತ್ತೆ ಮೆಟ್ಟಿಲು. ಛೋಮ್ರೋಂಗ್ ಅನ್ನುವ ಊರು ಸುಮಾರು 2,170 ಮೀಟರ್ ಎತ್ತರದಲ್ಲಿದೆ. ಅಷ್ಟು ಕಷ್ಟಪಟ್ಟು ಹತ್ತಿ ಬಂದರೆ ಮರುದಿನ ಅದನ್ನೆಲ್ಲ ಇಳಿಸುತ್ತಾರೆ, ಕೆಳಗೆ ಹೊಳೆ ದಾಟಿಸಿ ಆಚೆ ಬದಿ ಮತ್ತೆ ಹತ್ತಿಸುತ್ತಾರೆ. ಗೆಳೆಯ ಹೊಳೆ ಹತ್ತಿರ ಕೂತುಬಿಟ್ಟ. "ಇಳಿಸೋದಿತ್ತು ಅಂದ್ರ ಹತ್ತಿಸಿದ್ದು ಯಾಕ?" ಅಂತ ಗೈಡ್‌ಗೆ ಕನ್ನಡದಲ್ಲೇ ಕೇಳಿದ. ಗೈಡ್ ನಕ್ಕು "ಬಿಸ್ತಾರೈ, ಬಿಸ್ತಾರೈ" ಅಂದ. ನಿಧಾನ, ನಿಧಾನ ಅಂತ. ಆ ಎಂಟು ದಿನದಲ್ಲಿ ಅವನು ಅತಿ ಹೆಚ್ಚು ಸಲ ಹೇಳಿದ ಮಾತು ಅದೇ, ನಾವು ಕೇಳದೇ ಇದ್ದ ಮಾತೂ ಅದೇ.

ದಾರಿಯಲ್ಲಿ ಹೇಸರಗತ್ತೆಗಳ ಸಾಲು ಬರುತ್ತೆ, ಕೊರಳಲ್ಲಿ ಗಂಟೆ, ಬೆನ್ನ ಮೇಲೆ ಗ್ಯಾಸ್ ಸಿಲಿಂಡರ್. ಬಂದಾಗ ಗುಡ್ಡದ ಬದಿಗೆ ಒತ್ತಿ ನಿಲ್ಲಬೇಕು, ಕಣಿವೆ ಬದಿಗೆ ನಿಂತರೆ ಸಿಲಿಂಡರ್ ತಾಗಿ ಕೆಳಗೆ ಹೋಗುವುದು ನಾವೇ. ಅವು ಹೋಗದ ಕಡೆ ಮನುಷ್ಯರೇ ಹೊರುತ್ತಾರೆ. ಹಾಗಾಗಿ ಮೇಲೆ ಹೋದಂತೆ ಎಲ್ಲದರ ರೇಟೂ ಏರುತ್ತೆ, ಬಿಸಿನೀರಿನದ್ದೂ. ಜಗಳ ಮಾಡುವ ಮನಸ್ಸಾಗಲ್ಲ, ಹೊತ್ತು ಬಂದವನು ಪಕ್ಕದಲ್ಲೇ ಬೆವರು ಒರೆಸಿಕೊಳ್ಳುತ್ತಾ ಕೂತಿರುತ್ತಾನೆ.

ಊಟ ದಾಲ್ ಭಾತ್. ಅನ್ನ, ಬೇಳೆ, ಪಲ್ಯ, ಕೇಳಿದಷ್ಟು ಸಲ ಬಡಿಸುತ್ತಾರೆ. ಜೊತೆಗೆ ಗುಂಡ್ರುಕ್ ಅಂತ ಒಂದು, ಸೊಪ್ಪನ್ನು ಹುಳಿ ಬರಿಸಿ ಒಣಗಿಸಿದ್ದು. ಮೊದಲ ತುತ್ತಿಗೇ ಅವ್ವ ಮಾಡುವ ಪುಂಡಿಪಲ್ಯ ನೆನಪಾಯ್ತು. ಢಿಂಡೋ ಅಂತ ಮುದ್ದೆಯಂಥದ್ದೂ ಸಿಗುತ್ತೆ. ಕೋದೋ ಹಿಟ್ಟಿನದು ಅಂದರು, ವಿಚಾರಿಸಿದರೆ ಕೋದೋ ಅಂದ್ರೆ ನಮ್ಮ ರಾಗಿ! ನಾವು ಜೋಳದ ಮಂದಿ, ರಾಗಿ ಮುದ್ದೆ ಅಷ್ಟಕ್ಕಷ್ಟೇ. ಕಟಕ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಂಡು ಹೋಗಿದ್ದೆವು. ದೇವ್ರಾಲಿಯಲ್ಲಿ ಅಡುಗೆ ಮಾಡುತ್ತಿದ್ದ ದೀದಿಗೆ ಒಂದು ಚಮಚ ಹಿಂಡಿ ಕೊಟ್ಟೆವು. ಕಣ್ಣಲ್ಲಿ ನೀರು ಬಂತು, ಆದರೂ ಇನ್ನೊಂದು ಚಮಚ ಕೇಳಿದರು. ಛೋಮ್ರೋಂಗ್ ದಾಟಿದ ಮೇಲೆ ಮಾಂಸ ಒಯ್ಯುವಂತಿಲ್ಲ, ಅದು ದೇವರ ಜಾಗ ಅಂತ ಊರವರ ಕಟ್ಟಳೆ. ಮಚ್ಛಾಪುಚ್ಛ್ರೆ ಶಿಖರಕ್ಕೂ ಹಾಗೇ. 6,993 ಮೀಟರ್, ಮೀನಿನ ಬಾಲದ ಆಕಾರ. 1957ರಲ್ಲಿ ಒಂದು ಬ್ರಿಟಿಷ್ ತಂಡ ಇನ್ನೇನು ತುದಿ ಅನ್ನುವಲ್ಲಿವರೆಗೆ ಹೋಗಿ ತುದಿ ಮೆಟ್ಟದೆ ಇಳಿದು ಬಂತು. ಆಮೇಲೆ ಯಾರಿಗೂ ಪರವಾನಗಿ ಕೊಟ್ಟಿಲ್ಲ.

ಈಗ ನಮ್ಮ ದಡ್ಡತನ. ನಮಗೆ ರಜೆ ಕಮ್ಮಿ ಇತ್ತು. ದೋವಾನ್‌ನಿಂದ ಹೊರಟ ದಿನ ದೇವ್ರಾಲಿಯಲ್ಲಿ ಉಳಿಯೋಣ ಅಂತ ಗೈಡ್ ಹೇಳಿದ. ಇನ್ನೂ ಮಧ್ಯಾಹ್ನ, ಕಾಲು ಗಟ್ಟಿ ಇದೆ, ನಡಿ ಮೇಲೆ ಅಂತ ನಾವೇ ಹಟ ಮಾಡಿ 3,700 ಮೀಟರ್‌ನ ಮಚ್ಛಾಪುಚ್ಛ್ರೆ ಬೇಸ್ ಕ್ಯಾಂಪಿಗೆ ಹೋದೆವು. ಒಂದೇ ದಿನ ಸಾವಿರ ಮೀಟರ್‌ಗೂ ಜಾಸ್ತಿ. ಮೂರು ಸಾವಿರ ದಾಟಿದ ಮೇಲೆ ಮಲಗುವ ಎತ್ತರವನ್ನು ದಿನಕ್ಕೆ 500 ಮೀಟರ್‌ಗಿಂತ ಹೆಚ್ಚು ಏರಿಸಬಾರದು ಅನ್ನುವುದು ಅಲ್ಲಿ ಮಕ್ಕಳಿಗೂ ಗೊತ್ತಿರುವ ಲೆಕ್ಕ. ರಾತ್ರಿ ಹತ್ತಕ್ಕೆ ತಲೆನೋವು ಶುರುವಾಯ್ತು. ಒಳಗೆ ಯಾರೋ ಒನಕೆ ಹಿಡಿದು ಕುಟ್ಟಿದಂಗೆ. ವಾಂತಿ. ಮಲಗಿದರೆ ಉಸಿರು ಸಾಲಲ್ಲ, ಎದ್ದು ಕೂತರೆ ಚಳಿ. ಗಂಗಾವತಿ ಇರುವುದು 400 ಮೀಟರ್ ಆಸುಪಾಸು ಎತ್ತರದಲ್ಲಿ, ಆ ಗಾಳಿ ಕುಡಿದು ಬೆಳೆದ ಪುಪ್ಪುಸಕ್ಕೆ ಇದು ಏನು ಗೊತ್ತು? ಬೆಳಗ್ಗೆ ಗೈಡ್ ಒಂದು ಮಾತೂ ಬೈಯಲಿಲ್ಲ. ಚೀಲ ಎತ್ತಿಕೊಂಡು ಕೆಳಗೆ ತೋರಿಸಿದ. ದೇವ್ರಾಲಿಗೆ ಇಳಿದು ಒಂದು ದಿನ ಬಿದ್ದುಕೊಂಡೆವು. ಉಳಿಸಲು ಹೊರಟ ಒಂದು ದಿನ ಅಲ್ಲೇ ಖರ್ಚಾಯ್ತು.

ಮರುದಿನ ನಸುಕಿಗೇ ಹೊರಟು ನಿಧಾನ ಹತ್ತಿ ಅನ್ನಪೂರ್ಣ ಬೇಸ್ ಕ್ಯಾಂಪ್ ಮುಟ್ಟಿದೆವು. 4,130 ಮೀಟರ್. ಸುತ್ತಲೂ ಹಿಮದ ಗೋಡೆ, ನಾವು ಬಾವಿ ತಳದಲ್ಲಿ ನಿಂತಂಗೆ. ಅನ್ನಪೂರ್ಣ 8,091 ಮೀಟರ್. ಎಂಟು ಸಾವಿರ ದಾಟಿದ ಶಿಖರಗಳಲ್ಲಿ ಮನುಷ್ಯ ಮೊದಲು ಹತ್ತಿದ್ದು ಇದನ್ನೇ, 1950ರ ಜೂನ್ 3ರಂದು, ಫ್ರಾನ್ಸಿನ ಎರ್ಜೋಗ್ ಮತ್ತು ಲಾಶನಾಲ್. ಅವರು ಹತ್ತಿದ್ದು ಆಚೆ, ಉತ್ತರದ ಬದಿಯಿಂದ. ನಮ್ಮ ಎದುರಿಗಿದ್ದ ದಕ್ಷಿಣದ ಗೋಡೆಯನ್ನು 1970ರಲ್ಲಿ ಬ್ರಿಟಿಷರು ಹತ್ತಿದರು. ಅದನ್ನು ಹೇಗೆ ಹತ್ತಿದರು ಅನ್ನುವುದು ಕಣ್ಣಾರೆ ನೋಡಿದ ಮೇಲೂ ನನಗೆ ಅರ್ಥ ಆಗಿಲ್ಲ. ನಡುನಡುವೆ ದೂರದಲ್ಲಿ ಧಡ್ ಅಂತ ಸದ್ದು. ನಮ್ಮ ಕಡೆ ಗ್ರಾನೈಟ್ ಕ್ವಾರಿಯಲ್ಲಿ ಬ್ಲಾಸ್ಟ್ ಇಟ್ಟಂಗೆ. ಹಿಮ ಕುಸಿಯುವ ಸದ್ದು ಅದು. ಗೆಳೆಯ ಅಭ್ಯಾಸಬಲದಿಂದ "ಸೈರನ್ ಹಾಕಲಿಲ್ಲಲ್ಲೋ" ಅಂದ.

ಇಳಿಯುವಾಗ ನನ್ನ ಬಲಗಾಲ ಹೆಬ್ಬೆರಳ ಉಗುರು ಕಪ್ಪಾಯ್ತು. ಹೊರಡುವ ಮೂರು ದಿನ ಮುಂಚೆ ಹೊಸ ಶೂ ಕೊಂಡಿದ್ದೆ. ಹಾಗೆ ಮಾಡಬೇಡಿ. ಇಳಿಜಾರಿನಲ್ಲಿ ಬೆರಳು ಮುಂದಕ್ಕೆ ಜಾರಿ ಪ್ರತಿ ಹೆಜ್ಜೆಗೂ ಶೂ ತುದಿಗೆ ಗುದ್ದುತ್ತೆ. ಉಗುರು ಇನ್ನೂ ಬಿದ್ದಿಲ್ಲ, ನೇರಳೆ ಹಣ್ಣಿನ ಬಣ್ಣದಲ್ಲಿ ಅಲ್ಲಾಡುತ್ತಾ ಇದೆ.

ಪ್ರಾಣಿ ಎಲ್ಲಿ ಅಂತೀರಾ? ಅದನ್ನೇ ಹೇಳಬೇಕಿತ್ತು. ಬೆಟ್ಟ ಹತ್ತಿದರೆ ಪ್ರಾಣಿ ಕಾಣ್ತಾವೆ ಅಂದುಕೊಂಡು ಹೋದರೆ ಬೇಜಾರಾಗುತ್ತೆ. ಎಂಟು ದಿನದಲ್ಲಿ ನಾವು ಕಂಡದ್ದು ಮುಸುವಗಳ ಎರಡು ಗುಂಪು, ಆಕಾಶದಲ್ಲಿ ರಣಹದ್ದು, ಮತ್ತೆ ಒಂದು ಡಾಂಫೆ ಹಕ್ಕಿ. ಅದು ಅವರ ರಾಷ್ಟ್ರಪಕ್ಷಿ, ಮೈ ಮೇಲೆ ಪೆಟ್ರೋಲ್ ಚೆಲ್ಲಿದ ನೀರಿನ ಎಲ್ಲಾ ಬಣ್ಣ. ಹಿಮಚಿರತೆ, ಕೆಂಪು ಪಾಂಡಾ ಈ ಅನ್ನಪೂರ್ಣ ಸಂರಕ್ಷಣಾ ಪ್ರದೇಶದಲ್ಲೇ ಇವೆ, 7,629 ಚದರ ಕಿಲೋಮೀಟರ್ ಅಂದ್ರೆ ಸುಮ್ನೆ ಅಲ್ಲ. ಆದರೆ ದಿನಾ ನೂರಾರು ಜನ ಕೋಲು ಕುಟ್ಟಿಕೊಂಡು ಹೋಗುವ ದಾರಿ ಪಕ್ಕ ಬಂದು ನಿಲ್ಲೋಕೆ ಅವಕ್ಕೇನು ಹುಚ್ಚಾ? ಪ್ರಾಣಿ ನೋಡಬೇಕು ಅಂದ್ರೆ ಬೆಟ್ಟ ಇಳಿದು ತೆರಾಯ್ ಬಯಲಿಗೆ ಹೋಗಬೇಕು. ಅದು ಬೇರೆಯದೇ ಪ್ರವಾಸ, ಅದಕ್ಕೆ ಬೇರೆ ಮೂರ್ನಾಲ್ಕು ದಿನ ಇಡಿ.

ನಾವು ಹೋದದ್ದು ಚಿತ್ವನಕ್ಕೆ, ಸೌರಾಹಾ ಅನ್ನುವ ಊರು. ಅದು ಗಂಗಾವತಿಗಿಂತಲೂ ತಗ್ಗಿನಲ್ಲಿದೆ! ಅದೇ ಬಿಸಿಲು, ಅದೇ ಧೂಳು, ಹೊಲದಲ್ಲಿ ಎಮ್ಮೆ. 1973ರಲ್ಲಿ ರಾಷ್ಟ್ರೀಯ ಉದ್ಯಾನ ಆಯ್ತು, ಕಾವಲಿಗೆ ಸೈನ್ಯವೇ ಇದೆ. ನೇಪಾಳದ 752 ಘೇಂಡಾಮೃಗಗಳಲ್ಲಿ 694 ಇಲ್ಲೇ ಇವೆ, 2021ರ ಎಣಿಕೆ. ಹುಲಿಗಳು ದೇಶದಲ್ಲಿ 2009ರ ಹೊತ್ತಿಗೆ 121 ಇದ್ದವು, 2022ಕ್ಕೆ 355 ಆದವು. ಇಷ್ಟು ಚಿಕ್ಕ ದೇಶಕ್ಕೆ ಇದು ದೊಡ್ಡ ಮಾತು.

ಬೆಳಗ್ಗೆ ಒಂದೇ ಮರ ಕೊರೆದು ಮಾಡಿದ ದೋಣಿಯಲ್ಲಿ ರಾಪ್ತಿ ನದಿಯಲ್ಲಿ ಹೋಗಿ, ಆಚೆ ದಡದಲ್ಲಿ ಇಳಿದು ಕಾಲ್ನಡಿಗೆಯಲ್ಲಿ ಕಾಡಿಗೆ. ಮುಂದೊಬ್ಬ ಗೈಡ್, ಹಿಂದೊಬ್ಬ, ಇಬ್ಬರ ಕೈಯಲ್ಲೂ ಬರೀ ಬಿದಿರು ಕೋಲು. ಬಂದೂಕು ಇಲ್ಲ. ಹೊರಡುವ ಮುಂಚೆ ಪಾಠ. ಘೇಂಡಾ ಅಟ್ಟಿಸಿಕೊಂಡು ಬಂದರೆ ನೆಟ್ಟಗೆ ಓಡಬೇಡಿ, ಅಡ್ಡಾದಿಡ್ಡಿ ಓಡಿ, ಮರ ಸಿಕ್ಕರೆ ಹತ್ತಿ. ಹುಲಿ ಕಂಡರೆ ಬೆನ್ನು ತೋರಿಸಬೇಡಿ, ಅದರ ಕಣ್ಣು ನೋಡುತ್ತಲೇ ಹಿಂದೆ ಸರಿಯಿರಿ. ಇಷ್ಟನ್ನೂ ನಗುನಗುತ್ತಾ ಹೇಳಿದವನು ಆಮೇಲೆ ನಗು ನಿಲ್ಲಿಸಿದ. "ಭಾಲು" ಅಂದ. ಕರಡಿ. ಅದು ಬಂದರೆ ಓಡಬೇಡಿ, ಮರ ಹತ್ತಬೇಡಿ, ಎಲ್ಲರೂ ಒಂದೇ ಕಡೆ ಗುಂಪಾಗಿ ನಿಲ್ಲಿ, ಕೋಲು ನಾವು ನೋಡ್ಕೋತೀವಿ. ಹುಲಿಗಿಂತ ನನಗೆ ಇದರದೇ ಹೆದರಿಕೆ ಅಂದ.

ಘೇಂಡಾ ಹತ್ತೇ ನಿಮಿಷಕ್ಕೆ ಸಿಕ್ಕಿತು. ಕೆಸರಲ್ಲಿ ಅರ್ಧ ಮುಳುಗಿ ಮಲಗಿದ್ದ ಒಂದು, ಕಿವಿ ಮಾತ್ರ ಆಡಿಸುತ್ತಾ. ದೂರದಿಂದ ನೋಡಿ ಸರಿದೆವು. ಆಮೇಲೆ ಒಂದು ಗಂಟೆ ಬರೀ ಸಾಲ್ ಅನ್ನುವ ಜಾತಿಯ ಮರ. ಒಂದು ಕಡೆ ಮುಂದಿನ ಗೈಡ್ ಕೈ ಎತ್ತಿ ನಿಲ್ಲಿಸಿದ. ದಾರಿ ಪಕ್ಕದ ಹುತ್ತ ಅಗೆದಿತ್ತು, ಮಣ್ಣು ಇನ್ನೂ ಹಸಿ, ಉಗುರು ಎಳೆದ ಗೆರೆ ಉದ್ದಕ್ಕೂ ಇದ್ದವು, ಮನೆ ಕಳೆದುಕೊಂಡ ಗೆದ್ದಲು ಮೇಲೆ ಕೆಳಗೆ ಓಡಾಡುತ್ತಿದ್ದವು. ಅಷ್ಟರಲ್ಲಿ ಪೊದೆಯಾಚೆಯಿಂದ ಸದ್ದು ಬಂತು. ಕಾಲುವೆಯಲ್ಲಿ ನೀರು ಇಳಿದಾಗ ಪಂಪ್‌ಸೆಟ್ ಗಾಳಿ ಎಳೆಯುತ್ತಲ್ಲ, ಗೊರ್ರ್ ಗೊರ್ರ್ ಅಂತ, ಥೇಟ್ ಅದೇ. ಉಳಿದವರು ಗೈಡ್ ಮುಖ ನೋಡುತ್ತಿದ್ದರು. ನನಗೆ ಮಾತ್ರ ಗೊತ್ತಿತ್ತು. ಕರಡಿಗೆ ಮೇಲಿನ ಮುಂಭಾಗದ ನಡುವಿನ ಎರಡು ಹಲ್ಲು ಇರಲ್ಲ, ಆ ಸಂದಿಯಿಂದ ಗೆದ್ದಲನ್ನು ಹೀರುತ್ತೆ, ಅದರ ಸದ್ದು. ಚಿಕ್ಕವನಿದ್ದಾಗ ಅವ್ವನ ತವರು ರಾಮಸಾಗರದಲ್ಲಿ, ಮಾವನ ಹೊಲದ ಬದುವಿನಿಂದ ಅದನ್ನ ಕೇಳಿದ್ದೆ. ಮಾವ ನನ್ನ ಬಾಯಿ ಮುಚ್ಚಿ ಹಿಡಿದಿದ್ದ. ಇಪ್ಪತ್ತೈದು ವರ್ಷದ ಮೇಲೆ ಕಿವಿ ಅದನ್ನ ಗುರುತು ಹಿಡಿಯಿತು, ಮೊಣಕಾಲಿಗೂ ಗುರುತು ಸಿಕ್ಕಿತು.

ನಾವು ಏಳು ಜನ ಒಬ್ಬರಿಗೊಬ್ಬರು ಅಂಟಿಕೊಂಡು ನಿಂತೆವು. ಎರಡು ನಿಮಿಷ ಇರಬಹುದು. ಸದ್ದು ನಿಂತಿತು, ಪೊದೆ ಅಲ್ಲಾಡಿತು, ಆಮೇಲೆ ಏನೂ ಇಲ್ಲ. ಮೈ ಕೂಡ ಕಾಣಲಿಲ್ಲ.

ಹೊರಗೆ ಬಂದು ಚಹಾ ಕುಡಿಯುವಾಗ ಗೈಡ್‌ಗೆ ಹೇಳಿದೆ, ನಮ್ಮ ಕಡೆನೂ ಇದೇ ಕರಡಿ ಇದೆ, ದರೋಜಿ ಅಂತ, 1994ರಲ್ಲೇ ಕರಡಿಧಾಮ ಮಾಡಿದ್ದಾರೆ, ಸಂಜೆ ಬಂಡೆಗೆ ಬೆಲ್ಲದ ಪಾಕ ಹಚ್ಚಿ ಇಡ್ತಾರೆ, ಕರಡಿ ಮರಿಗಳನ್ನ ಬೆನ್ನ ಮೇಲೆ ಕೂರಿಸಿಕೊಂಡು ಇಳಿದು ಬರುತ್ತೆ, ಜನ ಗೋಪುರದ ಮೇಲಿಂದ ನೋಡ್ತಾರೆ ಅಂತ. ಅವನು ನಂಬಲಿಲ್ಲ. ಫೋಟೋ ತೋರಿಸು ಅಂದ. ಫೋನಿನಲ್ಲಿ ಒಂದೂ ಇರಲಿಲ್ಲ. ನಾನು ದರೋಜಿಗೆ ಕೊನೆಗೆ ಹೋದದ್ದು ಹೈಸ್ಕೂಲ್ ಟ್ರಿಪ್‌ನಲ್ಲಿ.

ರಾಮಸಾಗರಕ್ಕೆ ಮಾವನಿಗೆ ವಾಟ್ಸಾಪ್ ಕಾಲ್ ಮಾಡಿದೆ, ಫೋಟೋ ಇದ್ದರೆ ಕಳಿಸು ಅಂತ.

"ಅಳಿಯಾ, ನಾ ಯಾಕ ಅದರ ಫೋಟೋ ಹೊಡೀಲಿ? ಹೋದ ವಾರ ಶೇಂಗಾ ಹೊಲ ತುಳುದು ಹೋಗೇತಿ" ಅಂದ. ಆಮೇಲೆ ಕೇಳಿದ, "ಅಲ್ಲೆ ಬೆಳಿ ಹಾಳಾದ್ರ ರೊಕ್ಕ ಕೊಡ್ತಾರೇನು?"

ಗೈಡ್‌ಗೆ ಕೇಳಿದೆ. ಉದ್ಯಾನಕ್ಕೆ ಬರುವ ಆದಾಯದಲ್ಲಿ 30ರಿಂದ 50 ಪರ್ಸೆಂಟ್ ಕಾಡಂಚಿನ ಊರುಗಳ ಕೆಲಸಕ್ಕೆ ಹೋಗುತ್ತೆ, ಕಾನೂನೇ ಇದೆ ಅಂದ. ಮಾವನಿಗೆ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದ. ಟಿಕೆಟ್ ಎಷ್ಟು, ದಿನಕ್ಕೆ ಎಷ್ಟು ಜನ ಬರ್ತಾರ ಅಂತೆಲ್ಲ ವಿಚಾರಿಸಿದ. ನಾನು ಹಿಮಾಲಯ ಹತ್ತಿ ಬಂದ ವಿಷಯ ತೆಗೆಯಲೇ ಇಲ್ಲ. ಕೊನೆಗೆ ಫೋನ್ ಇಡುವ ಮುಂಚೆ,

"ಅಲ್ಲೆ ಕರಡಿಗೆ ಬೆಲ್ಲ ಯಾರು ಹಚ್ತಾರ?"

"ಯಾರೂ ಹಚ್ಚಲ್ಲ ಮಾವ. ಅವೇ ಹುಡುಕ್ಕೊಂಡು ತಿಂತಾವೆ."

"ಪಾಪ" ಅಂದ.