ಒಪ್ಪಿತ ದಾರಿ ಬಿಟ್ಟು ಯೋಚಿಸುವವರಿಗೆ ಬೇಕಾದದ್ದು

ಕಲ್ಪನಾಶಕ್ತಿಯ ಮಾತು ಬಂದಾಗ ನಾವು ಸಾಮಾನ್ಯವಾಗಿ ಅದನ್ನು ಕವಿಗಳಿಗೂ ಚಿತ್ರಕಾರರಿಗೂ ಬಿಟ್ಟುಕೊಟ್ಟು, ವಿಜ್ಞಾನಕ್ಕೆ ಶಿಸ್ತೊಂದಿದ್ದರೆ ಸಾಕು ಎಂದುಕೊಳ್ಳುತ್ತೇವೆ. ಈ ವಿಂಗಡಣೆ ನನಗೆಂದೂ ಒಪ್ಪಿಗೆಯಾಗಿಲ್ಲ. ಎಲ್ಲರೂ ನೋಡುವ ಬಗೆಯಲ್ಲೇ ನೋಡಬೇಕಾಗಿಲ್ಲ ಎಂಬ ಧೈರ್ಯವೂ, ಹಾಗೆ ಕಂಡದ್ದನ್ನು ಕೊನೆಯವರೆಗೂ ಪರೀಕ್ಷಿಸುವ ತಾಳ್ಮೆಯೂ ಒಂದೇ ಮನಸ್ಸಿನಲ್ಲಿ ಕೂಡಿದರೆ ಏನಾಗುತ್ತದೆ ಎಂಬುದಕ್ಕೆ ತಳಿವಿಜ್ಞಾನಿ ಬಾರ್ಬರಾ ಮೆಕ್‌ಕ್ಲಿಂಟಾಕ್ ಅವರಿಗಿಂತ ಸ್ಪಷ್ಟ ನಿದರ್ಶನ ನನಗೆ ಕಾಣುವುದಿಲ್ಲ.

ಅವರು ಅಧ್ಯಯನಕ್ಕೆ ಆರಿಸಿಕೊಂಡದ್ದು ಮೆಕ್ಕೆಜೋಳವನ್ನು. ಅದರ ತೆನೆಯಲ್ಲಿ ಪ್ರತಿ ಕಾಳೂ ಬೇರೆ ಬೇರೆ ಪರಾಗಕಣದಿಂದ ಹುಟ್ಟಿದ್ದಾದ್ದರಿಂದ, ಒಂದೇ ತೆನೆಯನ್ನು ಕೈಯಲ್ಲಿ ಹಿಡಿದರೆ ನೂರಾರು ಸಂತಾನಗಳನ್ನು ಒಟ್ಟಿಗೆ ನೋಡಿದಂತಾಗುತ್ತದೆ. ಕೆಲವು ತೆನೆಗಳಲ್ಲಿ ಬಣ್ಣವಿಲ್ಲದ ಕಾಳುಗಳ ಮೇಲೆ ನೇರಳೆ ಚುಕ್ಕೆಗಳಿದ್ದವು. ಕೆಲವು ಅಗಲವಾಗಿದ್ದರೆ ಕೆಲವು ಸೂಜಿಮೊನೆಯಷ್ಟು. ಬಣ್ಣವನ್ನು ತಡೆಹಿಡಿದಿದ್ದ ಅಂಶವು ಕಾಳು ಬೆಳೆಯುವ ಮೊದಲ ಹಂತದಲ್ಲೇ ಸರಿದುಹೋದರೆ ಚುಕ್ಕೆ ದೊಡ್ಡದಾಗುತ್ತದೆ, ತಡವಾಗಿ ಸರಿದರೆ ಚಿಕ್ಕದಾಗುತ್ತದೆ. ಅಂದರೆ ಆ ಚುಕ್ಕೆಗಳಲ್ಲಿ ಅವರು ಓದಿದ್ದು ಜೀವಕೋಶದೊಳಗಿನ ಘಟನೆಗಳ ಕಾಲವನ್ನು. ಅದನ್ನು ಸೂಕ್ಷ್ಮದರ್ಶಕದಲ್ಲಿ ಕಂಡ, ವಂಶವಾಹಿಗಳನ್ನು ಹೊತ್ತ ವರ್ಣತಂತುಗಳ ಮುರಿತದೊಂದಿಗೆ ಹೋಲಿಸಿ, ಆನುವಂಶಿಕ ಅಂಶಗಳಲ್ಲಿ ಕೆಲವು ತಮ್ಮ ಜಾಗ ಬಿಟ್ಟು ಇನ್ನೊಂದು ಜಾಗಕ್ಕೆ ಹೋಗಿ ಸೇರುತ್ತವೆ ಎಂಬ ತೀರ್ಮಾನಕ್ಕೆ ಬಂದರು. ವಂಶವಾಹಿಗಳು ದಾರದಲ್ಲಿ ಪೋಣಿಸಿದ ಮಣಿಗಳಂತೆ ಸ್ಥಿರವಾಗಿರುತ್ತವೆ ಎಂದು ಬಹುಪಾಲು ತಜ್ಞರು ನಂಬಿದ್ದ ಕಾಲವದು.

1951ರಲ್ಲಿ ಅವರು ಈ ವಿಚಾರವನ್ನು ವಿದ್ವತ್ಸಭೆಯೊಂದರಲ್ಲಿ ಮಂಡಿಸಿದಾಗ ಕೇಳುಗರಲ್ಲಿ ಹೆಚ್ಚಿನವರಿಗೆ ಅದು ಅರ್ಥವಾಗಲಿಲ್ಲ, ಕೆಲವರಿಗೆ ಸಹ್ಯವೂ ಆಗಲಿಲ್ಲ. ಕೆಲವೇ ವರ್ಷಗಳಲ್ಲಿ ಅವರು ಈ ಕುರಿತ ವಿವರಗಳನ್ನು ನಿಯತಕಾಲಿಕೆಗಳಲ್ಲಿ ಪ್ರಕಟಿಸುವುದನ್ನೇ ಬಹುಮಟ್ಟಿಗೆ ನಿಲ್ಲಿಸಿದರು, ಕೆಲಸವನ್ನು ಮಾತ್ರ ನಿಲ್ಲಿಸಲಿಲ್ಲ. ಮುಂದೆ ಬ್ಯಾಕ್ಟೀರಿಯಾಗಳಲ್ಲೂ ಇಂಥ ಅಂಶಗಳು ಸಿಕ್ಕವು. 1983ರಲ್ಲಿ, 81ನೆಯ ವಯಸ್ಸಿನಲ್ಲಿ, ಅವರಿಗೆ ನೊಬೆಲ್ ಪ್ರಶಸ್ತಿ ಬಂತು. ಮನುಷ್ಯನ ಡಿಎನ್‌ಎಯ ಸುಮಾರು ಅರ್ಧಭಾಗ ಇಂಥ ಅಂಶಗಳಿಂದಲೇ ಬಂದದ್ದು ಎಂಬುದು ಇಂದು ತಿಳಿದಿದೆ.

ಈ ಕಥೆಯನ್ನು ಒಂಟಿ ಪ್ರತಿಭೆಯ ಗೆಲುವೆಂದು ಹೇಳಿ ಮುಗಿಸುವವರೇ ಹೆಚ್ಚು. ನನ್ನನ್ನು ಹಿಡಿದು ನಿಲ್ಲಿಸುವುದು ಬೇರೆಯದೇ ಸಂಗತಿ. 1940ರ ದಶಕದ ಆರಂಭದಿಂದ, ವಿಜ್ಞಾನ ಸಂಶೋಧನೆಯನ್ನು ಪೋಷಿಸುವ ಕಾರ್ನೆಗಿ ಸಂಸ್ಥೆಯು ಅಮೆರಿಕದ ಕೋಲ್ಡ್ ಸ್ಪ್ರಿಂಗ್ ಹಾರ್ಬರ್‌ನಲ್ಲಿ ಅವರಿಗೆ ಸಂಬಳವನ್ನೂ, ಜೋಳ ಬೆಳೆಯಲು ನೆಲವನ್ನೂ ಕೊಟ್ಟಿತು. ಪಾಠ ಹೇಳುವ ಹೊರೆ ಹೊರಿಸಲಿಲ್ಲ. ಸಹೋದ್ಯೋಗಿಗಳು ಒಪ್ಪದಿದ್ದ ವರ್ಷಗಳಲ್ಲೂ ಆ ನೆಲೆ ತಪ್ಪಲಿಲ್ಲ. ಸಮಾಜವು ಭಿನ್ನವಾಗಿ ಯೋಚಿಸುವವರಿಗೆ ಕೊಡಬಹುದಾದ ಅತ್ಯಂತ ದೊಡ್ಡ ಬೆಂಬಲ, ಪ್ರಶಸ್ತಿಗಿಂತಲೂ ದೊಡ್ಡದು, ಇದೇ ಎಂದು ನಾನು ನಂಬುತ್ತೇನೆ.

ಹಾಗೆಂದು ವಿಚಿತ್ರವಾದದ್ದೆಲ್ಲ ಸತ್ಯವಾಗುವುದಿಲ್ಲ, ವಿರೋಧಿಸುವವರೆಲ್ಲ ಮೂಢರೂ ಅಲ್ಲ. ಹವಾಮಾನ ವಿಜ್ಞಾನಿ ಆಲ್‌ಫ್ರೆಡ್ ವೇಗೆನರ್ 1912ರಲ್ಲಿ ಖಂಡಗಳು ಚಲಿಸುತ್ತವೆ ಎಂದಾಗ, ಅವುಗಳನ್ನು ತಳ್ಳುವ ಬಲ ಯಾವುದು ಎಂಬ ಭೂವಿಜ್ಞಾನಿಗಳ ಪ್ರಶ್ನೆ ನ್ಯಾಯವಾದದ್ದೇ ಆಗಿತ್ತು. ಅವರ ಬಳಿ ಅದಕ್ಕೆ ಸರಿಯಾದ ಉತ್ತರವಿರಲಿಲ್ಲ. ಆದರೆ ಉತ್ತರವಿಲ್ಲವೆಂಬ ಕಾರಣಕ್ಕೆ, ಸಾಗರದ ಎರಡೂ ದಡಗಳಲ್ಲಿ ಒಂದೇ ಪ್ರಾಚೀನ ಜೀವಿಯ ಪಳೆಯುಳಿಕೆ ಸಿಕ್ಕಿದ್ದರ ಮಹತ್ವವನ್ನೂ ಹಲವರು ತಳ್ಳಿಹಾಕಿದರು. ಸಾಗರತಳದ ಪುರಾವೆಗಳು 1960ರ ದಶಕದಲ್ಲಿ ಸಿಗುವವರೆಗೂ ಆ ವಿಚಾರ ಕಾಯಬೇಕಾಯಿತು. ವೇಗೆನರ್ 1930ರಲ್ಲೇ ಗ್ರೀನ್‌ಲ್ಯಾಂಡಿನ ಹಿಮದಲ್ಲಿ ತೀರಿಕೊಂಡಿದ್ದರು.

ಆದ್ದರಿಂದ ಸಂಶೋಧನೆಗೆ ಹಣ ಹಂಚುವವರಲ್ಲಿ ನನ್ನದೊಂದು ಕಳಕಳಿಯ ಕೋರಿಕೆ. ಯೋಜನೆಯ ಅರ್ಜಿಯಲ್ಲೇ ನಿರೀಕ್ಷಿತ ಫಲಿತಾಂಶಗಳನ್ನು ವರ್ಷವಾರು ಬರೆಯಿಸಿಕೊಳ್ಳುವ ಪದ್ಧತಿಯ ಪಕ್ಕದಲ್ಲಿ, ಪರೀಕ್ಷೆಯ ಶಿಸ್ತುಳ್ಳ ಕೆಲವರಿಗಾದರೂ ಫಲಿತಾಂಶವನ್ನು ಮೊದಲೇ ಹೆಸರಿಸದೆ ದೀರ್ಘಕಾಲ ಕೆಲಸ ಮಾಡುವ ಅವಕಾಶವನ್ನು ಉಳಿಸಿಕೊಡಿ. ಚುಕ್ಕೆಬಿದ್ದ ಕಾಳುಗಳನ್ನು ಮೊದಲು ಎದುರಿಗಿಟ್ಟುಕೊಂಡಾಗ ಮೆಕ್‌ಕ್ಲಿಂಟಾಕ್ ಅವರಿಂದಲೂ ಅಂಥ ಅರ್ಜಿಯನ್ನು ತುಂಬಿಕೊಡಲು ಸಾಧ್ಯವಾಗುತ್ತಿರಲಿಲ್ಲ.